ಸರಸ್ವತಮ್ಮನ ಶಾಲು

೧೯೭೪ರ ಪುಷ್ಯಮಾಸದ ಚಳಿ. ಗಂಡನ ಬ್ಯಾಂಕಿನ ವರ್ಗಾವಣೆಯಿಂದ ಕಾಶಿಗೆ ಬಂದಿದ್ದ ನನ್ನನ್ನು, ಓದಿದ ಹೆಂಗಸೆಂದು, ಮಕ್ಕಳ ನ್ಯಾಯಾಲಯದಲ್ಲಿ ಗೌರವ ಸದಸ್ಯೆಯಾಗಿ ಕೂರಿಸಿದ್ದರು. ಅಲ್ಲಿ ಪೊಲೀಸರು ಮಾತಾಡುತ್ತಿದ್ದರು, ಮಗು ತಲೆಯಾಡಿಸುತ್ತಿತ್ತು, ಮ್ಯಾಜಿಸ್ಟ್ರೇಟರು ಸಹಿ ಹಾಕುತ್ತಿದ್ದರು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ! ನನಗೆ ಮೈ ಉರಿಯುತ್ತಿತ್ತು. ಮಗುವಿನ ಮಾತು ಪೂರ್ತಿ ಕೇಳದೆ ಯಾವ ತೀರ್ಪಿಗೂ ಒಪ್ಪುವುದಿಲ್ಲ ಎಂದು ಹಟ ಹಿಡಿದಿದ್ದೆ.

ಅಂದು ಬಂದವಳು ನೀಲಾ. ಹನ್ನೊಂದು ವರ್ಷದ ಅನಾಥೆ, ಹರಿಶ್ಚಂದ್ರ ಘಾಟಿನ ಮೆಟ್ಟಿಲ ಮೇಲೆ ಬೆಳೆದವಳು. ಚಿತೆಯ ಸರದಿಗೆ ಕಾಯುತ್ತಿದ್ದ ಹೆಣದ ಮೇಲಿನ ಶಾಲು ಕದ್ದಳೆಂಬ ಆರೋಪ. ದೂರು ಕೊಟ್ಟವನು ಸತ್ತ ಸರಸ್ವತಮ್ಮನ ಮಗ ವಾಸುದೇವ, ಧಾರವಾಡದ ಕಡೆಯಿಂದ ಬಂದ ರೈಲ್ವೆ ಗುಮಾಸ್ತ. ಹುಡುಗಿಯನ್ನು ಪೊಲೀಸರಿಗೆ ಒಪ್ಪಿಸಿ, ಅಂದೇ ತಾಯಿಯ ದಹನವನ್ನೂ ಮುಗಿಸಿದ್ದ. ಕಳ್ಳತನ ಸಾಬೀತಾದರೆ ನೀಲಾ ದೊಡ್ಡವಳಾಗುವ ತನಕ ಸುಧಾರಣಾಲಯದಲ್ಲಿ ಇರಬೇಕಿತ್ತು. ಅಲ್ಲಿಂದ ಮರಳಿದ ಮಕ್ಕಳ ಕಣ್ಣು ನೋಡಿದ್ದ ನನಗೆ ಭಯವಾಗಿತ್ತು.

"ನೀನೇ ಹೇಳಮ್ಮ," ಎಂದೆ ಹಿಂದಿಯಲ್ಲಿ.

"ಕದ್ದಿಲ್ಲ, ಮಾಈ. ಆ ಅಜ್ಜಿಯೇ ಕೊಟ್ಟಳು."

ಪೊಲೀಸಿನವನು ನಕ್ಕ. ನಾನು ನಗಲಿಲ್ಲ. "ಏನೆಂದು ಕೊಟ್ಟಳು?"

"ಅವಳ ಮಾತು ನನಗೆ ತಿಳಿಯಲಿಲ್ಲ. ಕೇಳಿಸಿದ್ದನ್ನೇ ಹೇಳಲಾ?" ನೀಲಾ ಕಣ್ಣು ಮುಚ್ಚಿದಳು. ಅವಳ ಬಾಯಿಂದ ನಡುಗುವ ಮುದಿ ದನಿಯೊಂದು ಬಂತು. "ತೊಗೊ ಮಗಳ. ನನಗ ಉಸರು ಕಟ್ಟಲಿಕ್ಕತ್ತದ."

ಕನ್ನಡದ ಒಂದಕ್ಷರ ಬಾರದ ಮಗು. ವಾಸುದೇವ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಕಮಲಾದೇವಿಜೀ, ಏನಂದಳು?" ಮ್ಯಾಜಿಸ್ಟ್ರೇಟರು ಕೇಳಿದರು.

ಒಂದು ಮಾತೂ ಬಿಡದೆ ಹಿಂದಿಯಲ್ಲಿ ಹೇಳಿದೆ. ಪೊಲೀಸಿನವನ ನಗು ನಿಂತಿತು. ಹೆಣಕ್ಕೆ ಉಸಿರು ಕಟ್ಟುವುದುಂಟೇ ಎಂದು ಯಾರೂ ಕೇಳಲಿಲ್ಲ.

"ದೂರು ವಾಪಸ್ ತಗೋತೀನ್ರಿ, ಅಕ್ಕಾರ," ವಾಸುದೇವ ನನ್ನತ್ತ ತಿರುಗಿ ಹೇಳಿದ. "ಹುಡುಗೀನ್ನ ಬಿಟ್ಟುಬಿಡ್ರಿ."

ಮ್ಯಾಜಿಸ್ಟ್ರೇಟರು ಬಿಡುಗಡೆ ಎಂದು ಬರೆದರು. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಬಾಗಿಲ ತನಕ ಹೋದ ವಾಸುದೇವ ಹೊರಗೆ ಕಾಲಿಡಲಾರದೆ ತಿರುಗಿ ಬಂದ. ಮಗುವಿನ ಮುಂದೆ ಕುಕ್ಕರಿಸಿ ಕೂತು ಹಿಂದಿಯಲ್ಲಿ ಕೇಳಿದ. "ಅವ್ವ ಮತ್ತೇನಾದರೂ ಅಂದಳಾ?"

ನೀಲಾ ನನ್ನ ಮುಖ ನೋಡಿದಳು. ಬೇಡ ಎನ್ನಬೇಕೆನಿಸಿತು. ಆದರೂ ಹೇಳು ಎಂದು ತಲೆಯಾಡಿಸಿದೆ.

"ವಾಸು, ವಾಸು ಅಂತ ಕರೆದಳು. ನೀವು ಮೆಟ್ಟಿಲ ಮೇಲಿನ ಚಹಾದಂಗಡಿಯಲ್ಲಿದ್ದಿರಿ. ಅದನ್ನು ಹೇಳೋಕೇ ನಿಮ್ಮ ಹತ್ತಿರ ಓಡಿಬಂದೆ. ನೀವು ಶಾಲು ನೋಡಿ ಕಳ್ಳಿ ಅಂತ ಹಿಡಿದಿರಿ. ನನಗೆ ಮಾತಾಡೋಕೇ ಬಿಡಲಿಲ್ಲ."