ದೊರಿ ಕುಡಿದ ನೀರು

"ನಾಯಿ ಸತ್ತದ್ದಕ್ಕ ಪರಿಹಾರ ಬೇಕಂತ! ಕೇಳಿದ್ರೇನಲೇ? ನಾಳೆ ಮನ್ಯಾಗ ತಗಣಿ ಸತ್ರೂ ಪರಿಹಾರ ಕೊಡ್ರಿ ಅಂತ ಬರತಾಳ, ರಂಡೆ!"

ಮ್ಯಾನೇಜರ್ ಶಂಭುಲಿಂಗನ ಮಾತಿಗೆ ಲಾರಿಯ ಮೇಲಿದ್ದ ಹಮಾಲರು ನಕ್ಕರು. ಮೈಲವ್ವ ಅವರ ಕಡೆ ನೋಡಲಿಲ್ಲ. ಅವಳ ಮುಂದೆ, ನೀರಿನ ನಲ್ಲಿಯಿಂದ ಸ್ವಲ್ಪ ಈಚೆಗೆ, ಅವಳ ನಾಯಿ ದೊರಿ ಬಿದ್ದಿತ್ತು. ನಾಲ್ಕೂ ಕಾಲು ಕೊರಡಿನ ಹಾಗೆ ಸೆಟೆದಿದ್ದವು. ಬಾಯಿಂದ ಇಳಿದ ನೀರು ನೆಲದ ಮೆಣಸಿನಪುಡಿಯಲ್ಲಿ ಕೆಂಪಾಗಿ ಹರಿದಿತ್ತು.

ಬ್ಯಾಡಗಿಯ ಹೊರಗೆ ಹಾಲೇಶಪ್ಪನ ಕೋಲ್ಡ್ ಸ್ಟೋರೇಜು. ಅದರ ಅಂಗಳದಲ್ಲಿ ಸಂಕ್ರಾಂತಿಯಿಂದ ಯುಗಾದಿಯತನಕ ಕೇರಿಯ ಹೆಂಗಸರು ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಬೆರಳಿನ ಉರಿ ತಾಳದಾದಾಗ ಎದ್ದು ಹೋಗಿ ನಲ್ಲಿಗೆ ಕೈ ಒಡ್ಡುತ್ತಿದ್ದರು. ಮೋಟರಿಗೆ ಕೂಡಿಸಿದ ಆ ಕಬ್ಬಿಣದ ಪೈಪು ಮುಟ್ಟಿದರೆ ಮೊಳಕೈತನಕ ಜುಮ್ಮೆನ್ನುತ್ತಿತ್ತು. ಶಂಭುಲಿಂಗನಿಗೆ ಹೇಳಿ ಹೇಳಿ ಸಾಕಾಗಿತ್ತು. "ಖಾರ ಹತ್ತಿದ ಕೈ ಜುಮ್ ಅನ್ನಲಾರದ ಮತ್ತೇನ್ ಅಂತಾವ? ಮೈಗಳ್ಳತನ ಬಿಟ್ಟು ಕುಂದರ್ರಿ" ಎನ್ನುತ್ತಿದ್ದ. ಹೆಂಗಸರು ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಕೈಗೆ ಸೆರಗು ಸುತ್ತಿಕೊಂಡು ನಲ್ಲಿ ತಿರುವುವುದನ್ನು ರೂಢಿ ಮಾಡಿಕೊಂಡಿದ್ದರು. ದೊರಿಗೆ ಚಪ್ಪಲಿ ಇರಲಿಲ್ಲ. ಬಿಸಿಲಿಗೆ ಬಾಯಾರಿ ನಲ್ಲಿಯ ಕೆಳಗಿನ ಕುಣಿಗೆ ಇಳಿಯಿತು. ಒಂದು ಸಲ ಕೂಗಿತು, ಅಷ್ಟೆ.

ಗಂಡ ಗೋವಾಕ್ಕೆ ದುಡಿಯಲು ಹೋದವನು ತಿರುಗಿ ಬಂದಿರಲಿಲ್ಲ. ಕೇರಿಯ ಕಟ್ಟಕಡೆಯ ಮನೆಯಲ್ಲಿ ಮೈಲವ್ವ, ಶಾಲೆಗೆ ಹೋಗುವ ಮಗಳು ಸುಶ್ಮಿತಾ ಇಬ್ಬರೇ. ಆ ಮನೆಯ ಬಾಗಿಲಿಗೆ ಅಗಳಿ ಇರಲಿಲ್ಲ, ದೊರಿ ಇತ್ತು. ಕುಡಿದು ಬಂದು ಬಾಗಿಲು ದೂಡಿ ನೋಡುತ್ತಿದ್ದ ಗಂಡಸರು ದೊರಿ ದೊಡ್ಡದಾದ ಮೇಲೆ ಆ ಕಡೆ ಹಾಯುವುದನ್ನೇ ಬಿಟ್ಟಿದ್ದರು.

"ಕರೆಂಟ್ ಹೊಡದು ಸತ್ತೈತ್ರಿ" ಎಂದಳು ಮೈಲವ್ವ.

"ಯಾವ ಕರೆಂಟಲೇ? ನಿಮ್ಮ ಕೇರ್ಯಾಗ ಇಲಿಪಾಷಾಣ ತಿಂದು ಬಂದೈತಿ. ಎಳದ್ ಒಗಿ ಅತ್ಲಾಗ."

"ಹಂಗಾರ ನೀರಾಗಿಂದ ಅದನ್ನ ಬಿದಿರಕೋಲ್ಲೆ ಯಾಕ ಎಳಿಸಿದ್ರಿ? ಹಮಾಲ ಕೈ ಹಾಕಾಕ ಹೋದ್ರ, ಮುಟ್ಟಬ್ಯಾಡಲೇ ಮುಟ್ಟಬ್ಯಾಡ ಅಂತ ಯಾಕ ಒದರಿದ್ರಿ?"

ಲಾರಿಯ ಮೇಲಿನ ನಗು ನಿಂತಿತು. ಶಂಭುಲಿಂಗ ಕಿಸೆಯಿಂದ ಮೊಬೈಲು ತೆಗೆದು, ಬೆನ್ನು ತಿರುಗಿಸಿ ಚೀಲಗಳ ಮರೆಗೆ ಹೋದ. ತಿರುಗಿ ಬಂದಾಗ ಅವನ ದನಿ ಬೇರೆಯೇ ಆಗಿತ್ತು.

"ಮೈಲವ್ವಾ, ಸಾವ್ಕಾರ್ರು ನಾಳೆ ರಾಣೆಬೆನ್ನೂರಿಗೆ ಬಾ ಅಂದಾರ. ಮನಿಗೆ."

ಅದುವರೆಗೆ ಅವನು ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಏ ಕೇರ್ಯಾಕಿ ಎಂದೇ ಕರೆಯುತ್ತಿದ್ದ. ಬೈದಾಗ ಆಗದ ಹೆದರಿಕೆ ಈಗ ಮೈಲವ್ವನಿಗೆ ಆಯಿತು.

ರಾಣೆಬೆನ್ನೂರಿನ ಮನೆಯಲ್ಲಿ ಅವಳನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿದರು. ಹಾಲೇಶಪ್ಪನ ಹೆಂಡತಿ ನಿರ್ಮಲಾ ಕಾಂಪೌಂಡಿನ ಗೂಡಿನಲ್ಲಿದ್ದ ಹಿಡಿಕೆ ಮುರಿದ ಕಪ್ಪನ್ನು ತೋರಿಸಿದಳು. ಮೈಲವ್ವ ಅದನ್ನು ತೆಗೆದು ನೆಲಕ್ಕಿಟ್ಟಳು. ನಿರ್ಮಲಾ ಮೇಲಿನಿಂದಲೇ ಚಹಾ ಸುರಿದಳು. ಚಹಾಕ್ಕೆ ಏಲಕ್ಕಿ ಹಾಕಿದ್ದರು. ಇಂಥ ಚಹಾ ತನಗೆ ಯಾಕೆ ಎಂದು ಮೈಲವ್ವನಿಗೆ ತಿಳಿಯಲಿಲ್ಲ. ಅವಳು ಕುಡಿಯಲಿಲ್ಲ.

ಹಾಲೇಶಪ್ಪ ಹಿಂಬಾಗಿಲಲ್ಲಿ ಬಂದು ನಿಂತ. ಅವನ ಮೊದಲ ಮಾತೇ, "ಯಾರ ಕಳಿಸ್ಯಾರ ನಿನ್ನ?"

"ನೀವ ಬಾ ಅಂದ್ರಂತ ಬಂದೇನ್ರಿ."

"ಅದಲ್ಲ. ನಾಯಿಗೆ ಪರಿಹಾರ ಕೇಳಂತ ಕಲಿಸಿಕೊಟ್ಟಾವ ಯಾವನು? ಹಾವೇರ್ಯಾಗ ಸಂಘ ಕಟ್ಟಿಕೊಂಡು ತಿರುಗತಾರಲ್ಲ, ಆ ಬೋಳಿಮಕ್ಕಳಾ? ಖರೇ ಹೇಳು."

"ಸಾಕಿದ ನಾಯಿ ಸತ್ತೈತ್ರಿ ಯಪ್ಪಾ. ಅದಕ್ಕ ಯಾರ ಯಾಕ ಕಲಿಸಬೇಕು?"

"ಏನ್ ಬೇಕೀಗ?"

ಬಸ್ಸಿನಲ್ಲಿ ಬರುವಾಗ ಅವಳು ಇದನ್ನೇ ಯೋಚಿಸಿದ್ದಳು. ಬಾಗಿಲಿಗೆ ಅಗಳಿ ಹಾಕಿಸುವಷ್ಟಾದರೂ ಕೊಟ್ಟಾರು, ಕೊಟ್ಟರೆ ಬೇಡ ಅನ್ನಬಾರದು ಎಂದುಕೊಂಡಿದ್ದಳು. ಆದರೆ ಬಾಯಿಗೆ ಮೊದಲು ಬಂದದ್ದು ಬೇರೆ.

"ಆ ಪೈಪ್ ಕಿತ್ತಿ ಹೊಸಾದ್ ಹಾಕಸ್ರಿ. ನಮ್ಮ ಪೈಪಿನ ಕರೆಂಟಿಗೆ ನಿನ್ನ ನಾಯಿ ಸತ್ತತಿ ಅಂತ ಹೆಣ್ಮಕ್ಕಳ ಮುಂದ ಒಂದ್ ಮಾತು ಅನ್ರಿ. ಆಮ್ಯಾಲೆ ನಿಮಗ ತಿಳಿದಷ್ಟು ಕೊಡ್ರಿ."

ಹಾಲೇಶಪ್ಪ ಐನೂರರ ನೋಟು ತೆಗೆದು ಒಗೆಯುವ ಕಲ್ಲಿನ ಮೇಲೆ ಬೀಳಿಸಿದ. "ತಗೋ. ಯಾರರ ಕೇಳಿದ್ರ, ನಾಯಿ ಪಾಷಾಣ ತಿಂದು ಸತ್ತತಿ ಅನ್ನು. ಹೆಚ್ಚಿಂದು ಮಾತಾಡಬ್ಯಾಡ."

ಮೈಲವ್ವ ನೋಟನ್ನು ನೋಡಿದಳು. ಸಂಜೆ ಮನೆಗೆ ಹೋಗುವಾಗ ಹೆಂಗಸರ ಉಡಿ ಕೊಡವಿಸಿ, ಒಂದು ಹಿಡಿ ಕಾಯಿ ಸಿಕ್ಕರೆ ಕೂಲಿ ಮುರಿಯುವ ಮನುಷ್ಯ ಇವನು.

"ಪಾಷಾಣ ತಿಂದು ಸತ್ತಿದ್ರ ನೀವ್ಯಾಕ ರೊಕ್ಕ ಕೊಡತೀರಿ ಸಾವ್ಕಾರ್ರ?"

ಹಾಲೇಶಪ್ಪನ ಮೋರೆ ಕೆಂಪಗಾಯಿತು. "ನಿನ್ನೌನ... ನಿಮ್ಮಂಥಾ ಹೊಲಸು ಮಂದೀನ ಹಿತ್ತಲತನಕ ಬಿಟ್ಟಕೊಂಡದ್ದ ತಪ್ಪಾತು. ನಡಿ, ನಡಿ!"

ನೋಟು ಕಲ್ಲಿನ ಮೇಲೆಯೇ ಉಳಿಯಿತು. ಗೇಟಿನ ಹತ್ತಿರ ಹೋದವಳನ್ನು ನಿರ್ಮಲಾ ಕೂಗಿದಳು. "ಏ, ಆ ಕಪ್ ಯಾರ ತೊಳಿಬೇಕು?" ಮೈಲವ್ವ ತಿರುಗಿ ಬಂದು, ತಾನು ಕುಡಿಯದ ಕಪ್ಪನ್ನು ತೊಳೆದು ಗೂಡಿನಲ್ಲಿ ಬೋರಲು ಹಾಕಿ ಹೋದಳು.

ಮರುದಿನ ಅವಳು ಅಂಗಳಕ್ಕೆ ಬಂದಾಗ ಹೆಂಗಸರು ಮಾತು ನಿಲ್ಲಿಸಿದರು. ದಿನವೂ ಅವಳ ಮಗ್ಗುಲಲ್ಲಿ ಕೂರುವ ಮೈಮುನಾಬಿ ಸರಿದು ಭರಮವ್ವನ ಆಚೆಗೆ ಕೂತಿದ್ದಳು.

"ಎಷ್ಟ್ ಸಿಕ್ತಬೇ ಮೈಲಿ?" ಎಂದಳು ಮೈಮುನಾಬಿ.

"ಏನೂ ಇಲ್ಲ."

"ಶಂಭಣ್ಣ ಎಲ್ಲಾ ಹೇಳ್ಯಾನ. ನಾಯಿಗೆ ನೀನ ಪಾಷಾಣ ಹಾಕಿ, ಸಾವ್ಕಾರ್ರ ಕಡಿಂದ ಗಂಟು ಹೊಡಕೊಂಡು ಬಂದೀಯಂತ. ನಾಳೆ ನಮ್ಮ ಕೂಲ್ಯಾಗ ಮುರ್ಕೊಂತಾರಂತ ಅದನ್ನ."

ಮೈಲವ್ವ ಸೊಂಟದ ಸಂಚಿ ಬಿಚ್ಚಿ ನೆಲಕ್ಕೆ ಸುರಿದಳು. ಎಲೆ, ಅಡಿಕೆ, ಬಸ್ಸಿನ ಟಿಕೀಟು. "ನೋಡಕೋ. ನನ್ನ ಮಗಳ ಕೂಡ ಬೆಳೆದ ನಾಯಿಗೆ ನಾ ಪಾಷಾಣ ಹಾಕತೇನೇನ?"

"ಗಂಟು ಸಂಚ್ಯಾಗ ಇಟ್ಕೊಂಡು ಯಾರ ಬರತಾರ" ಎಂದು ಭರಮವ್ವ ಗೊಣಗಿದಳು.

ಮೈಲವ್ವ ಒಬ್ಬಳೇ ಕೂತು ತೊಟ್ಟು ಮುರಿದಳು. ಆದರೆ ಪಾಷಾಣ ಎಂದು ನಂಬಿದವರು ಕೂಡ ಅಂದು ನಲ್ಲಿಯ ಕಡೆ ಹೋಗಲಿಲ್ಲ. ಉರಿಯುವ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತರು. ಬಿಸಿಲೇರಿದಂತೆ ಕೈಗಳು ನಿಂತವು. ಹುಬ್ಬಳ್ಳಿಗೆ ಹೋಗಬೇಕಾದ ಲಾರಿ ಅರ್ಧ ತುಂಬಿ ನಿಂತುಬಿಟ್ಟಿತು. ಶಂಭುಲಿಂಗ ಮತ್ತೆ ಮೊಬೈಲು ತೆಗೆದ.

ಮಧ್ಯಾಹ್ನದ ಹೊತ್ತಿಗೆ ಹಾಲೇಶಪ್ಪನ ಜೀಪು ಬಂತು. ಅವನು ಎಲ್ಲರನ್ನೂ ನಲ್ಲಿಯ ಹತ್ತಿರ ಕರೆಸಿದ.

"ಪೈಪಿನ್ಯಾಗ ಕರೆಂಟ್ ಐತಂತ ನೀರ್ ಮುಟ್ಟಾಕ ಒಲ್ಲೆ ಅಂತೀರಂತ? ನೋಡ್ರಿ, ನಿಮ್ಮ ಕಣ್ಣಿಂದ ನೋಡ್ರಿ."

ಬೂಟು ಕಳಚಿದ. ಕಾಲುಚೀಲ ಕಳಚಿದ. ಪ್ಯಾಂಟು ಮೇಲೆತ್ತಿ, ದೊರಿ ಸತ್ತ ಕುಣಿಯ ನೀರಿಗೆ ಬರಿಗಾಲಲ್ಲಿ ಇಳಿದು ಎರಡೂ ಕೈಯಿಂದ ಪೈಪನ್ನು ಹಿಡಿದ. ಏನೂ ಆಗಲಿಲ್ಲ. ಹಾಲೇಶಪ್ಪ ನಕ್ಕ.

"ಆತಲ್ಲ? ಏ ಮೈಲವ್ವ, ಮುಂದ ಬಾ. ನಾಯಿಗೆ ನಾನ ಪಾಷಾಣ ಹಾಕಿದ್ದೆ ಅಂತ ಎಲ್ಲಾರ ಮುಂದ ಅನ್ನು. ನೀ ಅನ್ನಲಿಲ್ಲಂದ್ರ ಪೊಲೀಸ್ರು ಅನ್ನಸ್ತಾರ."

ಒಂದು ಗಳಿಗೆ ಮೈಲವ್ವನಿಗೆ ತನ್ನ ಮೇಲೆಯೇ ಅನುಮಾನ ಬಂತು. ಕೇರಿಯಲ್ಲಿ ಖರೇನೇ ಏನಾದರೂ ತಿಂದಿತ್ತೇ ದೊರಿ?

"ತಡೀರಿ ಸಾವ್ಕಾರ್ರ."

ಮೈಮುನಾಬಿ ಉಡಿಯ ಪುಡಿ ಕೊಡವುತ್ತ ಎದ್ದು ಮುಂದೆ ಬಂದಳು.

"ಇವತ್ತ ನಿಮ್ಮ ಮಾತು ಭಾಳ ಸ್ವಚ್ಛ ಕೇಳಾಕತ್ತಾವ. ದಿನಾ ಆ ತಂಪಿನ ಮಿಷಿನ್ ಸಪ್ಪಳಕ್ಕ ನಾವು ಬಾಜೂಕ ಕುಂತಾರ ಕೂಡ ಒದರಿ ಮಾತಾಡತೇವಿ. ಈಗ್ಯಾಕ ಅದು ಸುಮ್ಮಕೈತಿ?"

ಎಲ್ಲರ ತಲೆಯೂ ಶೆಡ್ಡಿನ ಕಡೆ ತಿರುಗಿತು. ಹಗಲಿಡೀ ಗುಂಯ್‌ಗುಡುವ ಶೆಡ್ಡು ಉಸಿರಿಲ್ಲದೆ ನಿಂತಿತ್ತು. ಅದರ ಮಗ್ಗುಲಿನ ಮೀಟರ್ ಕೋಣೆಯ ಬಾಗಿಲಲ್ಲಿ ಶಂಭುಲಿಂಗ ಇದ್ದ. ಅವನ ಒಂದು ಕೈ ಮೇನ್ ಸ್ವಿಚ್ಚಿನ ಮೇಲಿತ್ತು.

"ಲೈನ್ ಹೋಗೇತಿ" ಎಂದ ಹಾಲೇಶಪ್ಪ.

"ಎದುರಿನ ಹಿಟ್ಟಿನ ಗಿರಣಿ ಅದ ಲೈನಿನ್ಯಾಗ ನಡದೈತಲ್ರೀ" ಎಂದಳು ಭರಮವ್ವ.

ರಸ್ತೆಯಾಚೆಯ ಗಿರಣಿಯ ಟಪಟಪ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಹಾಲೇಶಪ್ಪನ ಕೈಗಳು ಪೈಪನ್ನು ಬಿಟ್ಟವು. ಅವನು ಕುಣಿಯಿಂದ ಮೇಲೆ ಬರಲು ಕಾಲೆತ್ತಿದ. ಎದುರಿಗೆ ಮೈಲವ್ವ ಬಂದು ನಿಂತಿದ್ದಳು. ಪಕ್ಕಕ್ಕೆ ಸರಿದ. ಅಲ್ಲಿ ಮೈಮುನಾಬಿ ಇದ್ದಳು. ಹಿಂದೆ ಗೋಡೆ. ಹೆಂಗಸರು ಒಬ್ಬೊಬ್ಬರೇ ಕುಣಿಯ ಅಂಚಿಗೆ ಒತ್ತಾಗಿ ನಿಂತರು. ಲಾರಿಯ ಮೇಲಿನ ಹಮಾಲರೂ ಕೆಳಗಿಳಿದು ಬಂದರು. ಈ ಸಲ ಯಾರೂ ನಗುತ್ತಿರಲಿಲ್ಲ.

"ದಾರಿ ಬಿಡ್ರಲೇ ಸೂಳೆಮಕ್ಕಳ್ರಾ!"

ಯಾರೂ ಅಲುಗಲಿಲ್ಲ. ಎಲ್ಲರ ಕಾಲಲ್ಲೂ ಚಪ್ಪಲಿ ಇದ್ದವು.

"ಪೈಪ್ ಹಿಡೀರಿ ಸಾವ್ಕಾರ್ರ" ಎಂದಳು ಮೈಲವ್ವ. ಆಮೇಲೆ ಮೀಟರ್ ಕೋಣೆಯ ಕಡೆ ತಿರುಗಿ ಕೂಗಿದಳು, "ಶಂಭಣ್ಣಾ, ಹಾಕೋ ಸ್ವಿಚ್ಚು!"

"ಹಾಕಬ್ಯಾಡಲೇ! ಮುಟ್ಟಬ್ಯಾಡ!" ಹಾಲೇಶಪ್ಪನ ದನಿ ಸೀಳಿತು.

ಶಂಭುಲಿಂಗ ಕೈ ತೆಗೆಯಲಿಲ್ಲ, ಹಾಕಲೂ ಇಲ್ಲ. ಹಾಲೇಶಪ್ಪ ನೀರಿನಲ್ಲಿ ಒಂದು ಕಾಲು ಮೇಲೆತ್ತಿಕೊಂಡು ನಿಂತಿದ್ದ. ಹೆಂಗಸರು ಅವನ ಇನ್ನೊಂದು ಕಾಲನ್ನೇ ನೋಡುತ್ತಿದ್ದರು.