ಓರ್ವೇನಿಯಾದ ಅಧ್ಯಕ್ಷೆ

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ಗುರುಶಾಂತನ ಇಂಟರ್‌ನೆಟ್ ಸೆಂಟರ್ ಇತ್ತು. ಎರಡು ಸಾವಿರದ ಆರನೇ ಇಸವಿಯಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವಳು ಗಂಗಾಂಬಿಕಾ. ಗುರುಶಾಂತ ಅವಳ ಸೋದರಮಾವ. ಬಿ.ಎ. ಮುಗಿಸಿದ ಹುಡುಗಿ ಮನೆಯಲ್ಲಿ ಸುಮ್ಮನೆ ಕೂರುವುದು ಬೇಡವೆಂದು ಅವನೇ ಕರೆದು ಕೆಲಸ ಕೊಟ್ಟಿದ್ದ. ನೀಲಗುಂದದ ಕಡೆಯ ತನ್ನ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಅವಳು ಬೀಗ ತೆಗೆಯುತ್ತಿದ್ದಳು. ರಿಸಲ್ಟ್ ನೋಡುವವರು, ನೌಕರಿಗೆ ಅರ್ಜಿ ಹಾಕುವವರು ಬರುವುದು ಬಿಸಿಲೇರಿದ ಮೇಲೆ. ಅಲ್ಲಿಯವರೆಗೆ ಕಂಪ್ಯೂಟರುಗಳೆಲ್ಲ ಅವಳವೇ.

ಆ ಹೊತ್ತಿನಲ್ಲಿ ಅವಳು ಓರ್ವೇನಿಯಾಕ್ಕೆ ಹೋಗುತ್ತಿದ್ದಳು. ಓರ್ವೇನಿಯಾ ಯಾವ ಭೂಪಟದಲ್ಲೂ ಇಲ್ಲ. ಬೇರೆ ಬೇರೆ ದೇಶಗಳ ಒಂದಷ್ಟು ಜನ ಸೇರಿ ವೆಬ್‌ಸೈಟಿನಲ್ಲಿ ಕಟ್ಟಿಕೊಂಡಿದ್ದ ಆಟದ ದೇಶ ಅದು. ಆಟವೆಂದರೂ ಅದಕ್ಕೊಂದು ಸಂವಿಧಾನವಿತ್ತು, ಪಕ್ಷಗಳಿದ್ದವು, ಸಂಸತ್ತಿತ್ತು. ಚುನಾವಣೆ ಬಂತೆಂದರೆ ಜನ ನಿಜವಾಗಿಯೇ ಜಗಳಾಡುತ್ತಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿ, ಬರಹದಲ್ಲಿ. ಗಂಗಾಂಬಿಕಾಳ ಇಂಗ್ಲಿಷ್ ಎಡವುತ್ತಿತ್ತು. ಸಂಸತ್ತಿನ ಸ್ಪೀಕರ್ ಆಗಿದ್ದ ಪೋರ್ಚುಗಲ್ಲಿನ ಇನೆಸ್ ಎಂಬ ವಯಸ್ಸಾದ ಹೆಂಗಸು ಅವಳಿಗೆ ನಿಯಮಗಳನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟಳು. ‘ತಪ್ಪಾದರೆ ಆಗಲಿ, ಬರೆ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ’ ಎಂದು ಧೈರ್ಯ ಹೇಳುತ್ತಿದ್ದಳು.

ಗಂಗಾಂಬಿಕಾ ಕುಡಿಯುವ ನೀರಿನ ಬಗ್ಗೆ ಬರೆದಳು, ಹೆಣ್ಣುಮಕ್ಕಳ ಹಾಸ್ಟೆಲ್ ಬಗ್ಗೆ ಬರೆದಳು. ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ. ಹಾಗಿರುವಾಗ ಅವಳ ಪಕ್ಷದ ಮುಖಂಡ ಆಲ್ಬರ್ಟ್ ಒಂದು ಬೆಳಿಗ್ಗೆ ಅವಳನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ. ಅವಳು ಗೆದ್ದಳು.

ಗೆದ್ದ ಸುದ್ದಿ ಓದಿದಾಗ ಸೆಂಟರಿನಲ್ಲಿ ಯಾರೂ ಇರಲಿಲ್ಲ. ಕುರ್ಚಿಯಿಂದೆದ್ದು ಕಿಟಕಿಯ ಬಳಿ ಹೋಗಿ ನಿಂತಳು. ಕೆಳಗೆ ಕೊಟ್ಟೂರಿಗೆ ಹೊರಟ ಬಸ್ಸಿಗೆ ಜನ ನುಗ್ಗುತ್ತಿದ್ದರು. ಅವರಲ್ಲಿ ಯಾರಿಗಾದರೂ ಕೂಗಿ ಹೇಳಬೇಕೆನಿಸಿತು.

ಪ್ರಮಾಣವಚನಕ್ಕೆಂದು ಅವಳು ಭಾಷಣ ಬರೆದುಕೊಂಡಿದ್ದಳು. ಎರಡು ವಾರ ತಿದ್ದಿದ ಭಾಷಣ. ಆದರೆ ಅಂದು ಬೆಳಿಗ್ಗೆ ಆಲ್ಬರ್ಟ್ ಬೇರೆಯದನ್ನೇ ಕಳಿಸಿದ್ದ. ಅದರ ಜೊತೆಗೆ ಎರಡು ಆದೇಶಗಳು: ಒಂದು ಮಂತ್ರಿಗಳ ನೇಮಕದ್ದು, ಇನ್ನೊಂದು ಸಂಸತ್ತಿನ ಚರ್ಚೆಯ ನಿಯಮಗಳದ್ದು.

‘ನನ್ನ ಭಾಷಣ ಸಿದ್ಧವಾಗಿದೆ’ ಎಂದು ಬರೆದು ಅವಳು ಅದನ್ನೂ ಕಳಿಸಿದಳು.

‘ಚೆನ್ನಾಗಿದೆ, ಓದಿದೆ. ಅದು ಇನ್ನೊಮ್ಮೆ’ ಎಂದು ಅವನ ಉತ್ತರ ಬಂತು. ‘ಎರಡು ಪಕ್ಷಗಳು ಕೂಡಿ ನಿಮ್ಮನ್ನು ಗೆಲ್ಲಿಸಿವೆ. ನೀವು ಯಾರಿಗೂ ಇಲ್ಲ ಅಂದವರಲ್ಲ, ಅದಕ್ಕೇ ಇಬ್ಬರೂ ಒಪ್ಪಿದ್ದು. ನೀವು ಸಹಿ ಹಾಕಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.’

ಅವಳು ಅವನ ಭಾಷಣವನ್ನೇ ಹಾಕಿದಳು. ಎರಡು ಆದೇಶಗಳಿಗೂ ಸಹಿ ಮಾಡಿದಳು. ಸಹಿ ಎಂದರೆ ಒಂದು ಗುಂಡಿ ಒತ್ತುವುದು, ಅಷ್ಟೇ. ಅಭಿನಂದನೆಗಳು ಬಂದವು. ಇನೆಸ್ ಮಾತ್ರ ಒಂದೇ ಸಾಲು ಬರೆದಿದ್ದಳು: ‘ಎರಡನೆಯದನ್ನು ಓದಿದೆಯಾ?’

ಓದಿರಲಿಲ್ಲ. ಆಮೇಲೆ ಓದಿದಳು. ಇನ್ನು ಮುಂದೆ ಆಲ್ಬರ್ಟನ ಮಸೂದೆಗಳ ಮೇಲೆ ಚರ್ಚೆಯೇ ನಡೆಯುವಂತಿರಲಿಲ್ಲ. ರಾಜೀನಾಮೆ ಕೊಡುತ್ತೇನೆಂದು ಆಲ್ಬರ್ಟನಿಗೆ ಬರೆದಳು. ಮೊದಲ ಬಜೆಟ್ ಮುಗಿಯುವವರೆಗೆ ಅಧ್ಯಕ್ಷರು ರಾಜೀನಾಮೆ ಕೊಡುವಂತಿಲ್ಲವೆಂದು ಅವನು ಸಂವಿಧಾನದ ಕಲಮು ತೋರಿಸಿದ.

ಅಂದಿನಿಂದ ಅವಳಿಗೆ ಬೆಳಿಗ್ಗೆ ಬೀಗ ತೆಗೆಯುವುದೆಂದರೆ ಕೈ ಭಾರವಾಗತೊಡಗಿತು. ಹೋಗದೆ ಇರಬಹುದಿತ್ತು. ಆಟವನ್ನೇ ಬಿಟ್ಟುಬಿಡಬಹುದಿತ್ತು. ಆದರೆ ಅಲ್ಲಿ ಅವಳ ಹೆಸರಿತ್ತು. ಅವಳು ಇಲ್ಲದಿದ್ದರೂ ಆ ಹೆಸರಿನಲ್ಲಿ ಪ್ರಕಟಣೆಗಳು ಹೊರಡುತ್ತಿದ್ದವು. ಪಕ್ಷದ ಖಾತೆಗಳ ಪಾಸ್‌ವರ್ಡ್‌ಗಳೆಲ್ಲ ಆಲ್ಬರ್ಟನ ಕೈಯಲ್ಲೇ ಇದ್ದವು; ಸಹಿಯ ಗುಂಡಿಯೊಂದೇ ಅವಳದು.

ಮೂರನೆಯ ಆದೇಶ ಬಂದದ್ದು ಒಂದು ಸೋಮವಾರ. ಇನೆಸ್‌ಳನ್ನು ಓರ್ವೇನಿಯಾದಿಂದಲೇ ಹೊರಹಾಕುವ ಆದೇಶ. ಸ್ಪೀಕರ್ ಆಗಿ ಸರ್ಕಾರದ ಕೆಲಸಕ್ಕೆ ಅಡ್ಡಿ ಮಾಡುತ್ತಿದ್ದಾಳೆ ಎಂಬುದು ಕಾರಣ. ಗಂಗಾಂಬಿಕಾ ಅದನ್ನು ಮೂರು ಸಲ ಓದಿದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಂದವಳು ಅವಳ ತಾಯಿ ಅನ್ನದಾನಮ್ಮ, ಇಳಕಲ್ ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. ಹಿಂದಿನ ವರ್ಷ ಅವರ ಊರಿನ ಗ್ರಾಮ ಪಂಚಾಯಿತಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಗಂಡ ಕರಿಸಿದ್ದಪ್ಪ ಅವಳನ್ನು ನಿಲ್ಲಿಸಿ ಗೆಲ್ಲಿಸಿದ್ದ. ಇಂದು ತಾಲ್ಲೂಕು ಪಂಚಾಯಿತಿಯಲ್ಲಿ ಅಧ್ಯಕ್ಷರ ಸಭೆ ಇತ್ತು.

“ಸಭಿ ಮುಗೀತೇನ್ ಬೇ?” ಎಂದು ಗಂಗಾಂಬಿಕಾ ಕೇಳಿದಳು.

“ಎಲ್ಲಿ ಮುಗೀತು, ನಡದೈತಿ. ನಿಮ್ಮಪ್ಪ ಒಳಗ ಕುಂತಾನ. ನೀ ಹೊರಗ ಕೂಡು, ಸೈನ್ ಬೇಕಾದ್ರ ಕರೀತೀನಿ ಅಂದ. ಅಲ್ಲಿ ನೆಳ್ಳು ಇರಲಿಲ್ಲ, ಈ ಕಡಿ ಬಂದೆ.” ಅನ್ನದಾನಮ್ಮ ಕುರ್ಚಿ ಎಳೆದುಕೊಂಡು ಕೂತಳು. ಪರದೆಯ ಮೇಲಿದ್ದ ನೀಲಿ ಬಾವುಟ ನೋಡಿ, “ಅದ್ಯಾವ ಊರ ಬಾವುಟ?” ಎಂದಳು.

ಗಂಗಾಂಬಿಕಾ ಯಾರಿಗೂ ಹೇಳಿರಲಿಲ್ಲ. ಆದರೆ ಆ ಹೊತ್ತು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಆಟದ ದೇಶ, ಚುನಾವಣೆ, ಆಲ್ಬರ್ಟ್, ಇನೆಸ್ ಎಲ್ಲವನ್ನೂ ಹೇಳಿದಳು. ತಾಯಿ ನಗಬಹುದು ಎಂದುಕೊಂಡಿದ್ದಳು.

ಅನ್ನದಾನಮ್ಮ ನಗಲಿಲ್ಲ. “ನೀನೂ ಅಧ್ಯಕ್ಷಿ ಆದಿ ಅನ್ನು” ಎಂದಳು. ಕುರ್ಚಿಯನ್ನು ಪರದೆಯ ಹತ್ತಿರ ಸರಿಸಿಕೊಂಡು, “ಆ ಮುದುಕಿ ಏನು ತಪ್ಪು ಮಾಡ್ಯಾಳ?” ಎಂದು ಕೇಳಿದಳು.

“ಏನಿಲ್ಲ ಬೇ. ಅಕಿ ಎಲ್ಲರಿಗೂ ಮಾತಾಡಾಕ ಬಿಡು ಅಂತಾಳ. ಅಷ್ಟೇ.”

“ಮತ್ತ ನೀ ಸೈನ್ ಹಾಕ್ತೀಯೇನು?”

“ಹಾಕದಿದ್ರ ನನ್ನ ತಗೀತಾರ. ಮತ್ತ ಒಳಗ ಬರಾಕ ಬಿಡಂಗಿಲ್ಲ.”

“ತಗದ್ರ ಏನಾಕತಿ? ಹೊಡೀತಾರೇನು? ಉಣ್ಣಾಕ ಹಾಕಾಂಗಿಲ್ಲೇನು?”

ಗಂಗಾಂಬಿಕಾ ತಾಯಿಯ ಮುಖ ನೋಡಿದಳು. ಅನ್ನದಾನಮ್ಮ ಮಾತ್ರ ಬಾವುಟವನ್ನೇ ನೋಡುತ್ತಿದ್ದಳು. “ನನ್ನ ತಗಿಯೋರು ಇಲ್ಲವ್ವಾ. ಇನ್ನ ಒಂದೂವರಿ ವರ್ಷ ಐತಿ ಅಂತ ನಿಮ್ಮಪ್ಪ ಹೇಳ್ತಾನ” ಎಂದಳು.

ಕೆಳಗಿನಿಂದ ಮೋಟಾರ್ ಸೈಕಲ್ಲಿನ ಹಾರನ್ ಕೇಳಿಸಿತು. ಕರಿಸಿದ್ದಪ್ಪ ಬೀದಿಯಲ್ಲೇ ನಿಂತು, “ಏ ಗಂಗಾನವ್ವಾ, ಲಗೂನ ಬಾ, ಸೈನ್ ಆಗಬೇಕು” ಎಂದು ಕೂಗಿದ. ಅನ್ನದಾನಮ್ಮ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದಳು.

ಗಂಗಾಂಬಿಕಾ ಆದೇಶದ ಪುಟ ಮುಚ್ಚಿ ಸಂಸತ್ತಿನ ಪುಟ ತೆರೆದಳು. ತನ್ನದೇ ಇಂಗ್ಲಿಷಿನಲ್ಲಿ ಬರೆದಳು: ‘ಮೊದಲ ಎರಡು ಆದೇಶಗಳನ್ನು ನಾನು ಓದದೆ ಸಹಿ ಮಾಡಿದೆ. ಇದನ್ನು ಓದಿದ್ದೇನೆ. ಇದಕ್ಕೆ ಸಹಿ ಮಾಡುವುದಿಲ್ಲ. ಭಾಷಣವೂ ನನ್ನದಾಗಿರಲಿಲ್ಲ. ನನ್ನದು ಇಲ್ಲಿದೆ.’ ಅದರ ಕೆಳಗೆ ನೀರಿನ ಬಗೆಗಿನ ತನ್ನ ಭಾಷಣ ಹಾಕಿದಳು. ಗುಂಡಿ ಒತ್ತಿದಳು. ಅಷ್ಟರಲ್ಲಿ ಹಾಲ್ ಟಿಕೆಟ್ ತೆಗೆಸಲು ಅದೇ ತಾಲ್ಲೂಕಿನ ಅರಸೀಕೆರೆಯವರು ಇಬ್ಬರು ಬಂದರು. ಎದ್ದು ಅವರ ಕೆಲಸಕ್ಕೆ ಹೋದಳು.

ಮರುದಿನ ಬೆಳಿಗ್ಗೆ ಓರ್ವೇನಿಯಾದ ಬಾಗಿಲು ತೆರೆಯಲಿಲ್ಲ. ಸಂಸತ್ತು ನಿಮ್ಮನ್ನು ಪದಚ್ಯುತಗೊಳಿಸಿದೆ, ನಿಮ್ಮ ಸದಸ್ಯತ್ವ ರದ್ದಾಗಿದೆ ಎಂದು ಎರಡು ಸಾಲು ಇತ್ತು. ಅದೇ ವಾರ ಹೊಸ ಅಧ್ಯಕ್ಷ ಇನೆಸ್‌ಳನ್ನೂ ಹೊರಹಾಕಿದನೆಂದು ಅವಳ ಈಮೇಲಿನಿಂದ ತಿಳಿಯಿತು. ‘ನಿನ್ನ ಭಾಷಣವನ್ನು ಅವರು ಅಳಿಸುವ ಮೊದಲು ಓದಿದೆ’ ಎಂದು ಬರೆದಿದ್ದಳು ಅವಳು. ಗಂಗಾಂಬಿಕಾ ಉತ್ತರ ಬರೆಯಲು ಕೂತಳು. ಏನೂ ಬರೆಯಲಾಗದೆ ಅತ್ತಳು. ಗುರುಶಾಂತ ಮೇಲೆ ಬಂದವನು, “ಯಾಕವ್ವ ಗಂಗಾ, ಯಾರಾರ ಏನಾರ ಅಂದ್ರೇನು?” ಎಂದು ಗಾಬರಿಯಾದ. “ಕಣ್ಣು ಉರೀತಾವ ಮಾಮ, ಪರದಿ ನೋಡಿ ನೋಡಿ” ಎಂದಳು.

ಆ ಸಂಜೆ ಊಟಕ್ಕೆ ಮೊದಲು ಕರಿಸಿದ್ದಪ್ಪ ಪಂಚಾಯಿತಿಯ ಕಾಗದಗಳನ್ನು ಪಡಸಾಲೆಗೆ ತಂದು ಹರಡಿದ. ಅನ್ನದಾನಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಕೈ ಒರೆಸಿಕೊಂಡು ಕೂತಳು. ಅವನು ಬೆರಳಿಟ್ಟ ಜಾಗದಲ್ಲಿ ಸಹಿ ಹಾಕುವುದು ರೂಢಿ. ಅಂದು ಅವಳು ಪೆನ್ನು ಹಿಡಿದು, “ಗಂಗಾ, ಇದರಾಗ ಏನು ಬರದೈತಿ, ಓದು” ಎಂದಳು.

“ಅಕಿ ಯಾಕ ಓದಬೇಕು?” ಎಂದ ಕರಿಸಿದ್ದಪ್ಪ.

“ನಂಗ ಸಣ್ಣ ಅಕ್ಷರ ಕಾಣಂಗಿಲ್ಲರಿ. ಓದಲಿ ಬಿಡ್ರಿ.”

ಗಂಗಾಂಬಿಕಾ ಓದಿದಳು. ಹೊಸ ಬೋರ್‌ವೆಲ್ಲಿನ ಪೈಪು ಮೇಲಿನ ಓಣಿಗೆ ಹೋಗುವುದೆಂದಿತ್ತು. ಆದರೆ ನಲ್ಲಿ ಬೇಕೆಂದು ಹಿಂದೊಮ್ಮೆ ಮನೆಗೆ ಬಂದು ಕೇಳಿದ್ದವರು ಕೆಳಗಿನ ಕೇರಿಯ ಹೆಂಗಸರು. ಆ ದಿನ ಅನ್ನದಾನಮ್ಮ ಅವರಿಗೆ ‘ಆಗಲಿ’ ಎಂದು ಹೇಳಿ ಕಳಿಸಿದ್ದಳು.

“ಕೇರಿಗಿ ಅಂದಿದ್ವಲ್ಲರಿ?” ಎಂದಳು ಅನ್ನದಾನಮ್ಮ.

“ಮುಂದಿನ ವರ್ಷ ಅವರಿಗಿ. ಈಗ ಮ್ಯಾಲಿನ ಓಣಿ ಮೆಂಬರ್ ಗಾದೆಪ್ಪ ಕೈ ಬಿಟ್ಟ ಅಂದ್ರ ನಾಳಿ ನಮಗ ಯಾರು ಅದಾರ? ನಿಂಗ ಇದು ತಿಳಿಯಂಗಿಲ್ಲ, ಹಾಕು.” ಅವನ ದನಿ ಏರಿತು. ಪಕ್ಕದ ಮನೆಯ ಜಂಬಮ್ಮ ಬಾಗಿಲಿಗೆ ಬಂದು ಇಣುಕಿದಳು.

ಅನ್ನದಾನಮ್ಮ ಬಹಳ ಹೊತ್ತು ಪೆನ್ನು ಹಿಡಿದೇ ಕೂತಿದ್ದಳು. ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಗಂಗಾಂಬಿಕಾ ಬಾಯಿ ತೆರೆಯುವಷ್ಟರಲ್ಲಿ ತಾಯಿ ಬಗ್ಗಿ ಸಹಿ ಹಾಕಿದಳು. ಕರಿಸಿದ್ದಪ್ಪ ಕಾಗದಗಳನ್ನು ಎತ್ತಿಕೊಂಡು ಗಾದೆಪ್ಪನ ಮನೆಗೆ ಹೊರಟ.

ಒಳಗೆ ಗಂಗಾಂಬಿಕಾ ಸೀದ ರೊಟ್ಟಿ ತೆಗೆದು ಬೇರೆ ತಟ್ಟಲು ಕೂತಳು.

“ನನ್ನ ಮ್ಯಾಲ ಸಿಟ್ಟು ಬಂತೇನು?” ಎಂದು ಅನ್ನದಾನಮ್ಮ ಕೇಳಿದಳು.

“ಇಲ್ಲ ಬೇ.”

“ಇಷ್ಟು ದಿನ ಏನೈತಂತ ಗೊತ್ತಿರಲಿಲ್ಲ. ಸೈನ್ ಹಾಕಿ ಹೋಗಿ ಮಲಗತಿದ್ದೆ.” ಅವಳು ಹಿಟ್ಟಿನ ಬುಟ್ಟಿಯನ್ನು ಮಗಳ ಕಡೆ ಸರಿಸಿದಳು. “ಆದ್ರೂ ನಾಳಿನೂ ಓದು. ನಾ ಬ್ಯಾಡ ಅಂದ್ರೂ ಓದು.”

ಗಂಗಾಂಬಿಕಾ ಹೂಂ ಎಂದಳು. ಹೊರಗೆ ಜಂಬಮ್ಮ ಇನ್ನೂ ನಿಂತಿದ್ದಳು. ಪೈಪು ಯಾವ ಓಣಿಗೆ ಬಂತು ಎಂದು ಕೂಗಿ ಕೇಳಿದಳು. ಅನ್ನದಾನಮ್ಮನೇ ಎದ್ದು, ಹೇಳಲು ಬಾಗಿಲಿಗೆ ಹೋದಳು.