ಕಂಕುಳ ಚಿಂದಿ

“ಥೂ, ಹೆಣದ ನಾತ! ಹಿಂದಿನ ಗೋಡೆಗೆ ಅಂಟ್ಕೊಂಡು ನಿಂತ್ಕೊಳ್ರೋ, ಬೋಳಿಮಕ್ಳಾ!”

ಚರ್ಚಿನ ಬಾಗಿಲು ಕಾಯುವವನು ಪ್ರತಿ ಭಾನುವಾರ ನಮ್ಮನ್ನು ಬರಮಾಡಿಕೊಳ್ಳುವುದು ಹೀಗೆಯೇ. ನಾವು ಚರ್ಮದ ಕಾರ್ಖಾನೆಯವರು. ಎಷ್ಟು ಉಜ್ಜಿದರೂ ನಾತ ಹೋಗುವುದಿಲ್ಲ. ದೇವರಿಗೆ ಅಭ್ಯಾಸವಾಗಿರಬೇಕು, ಮುಂದಿನ ಬೆಂಚಿನವರಿಗೆ ಆಗಿಲ್ಲ.

ಹಿಂದಿನ ವಾರ ಕಾರ್ಖಾನೆಯ ಕೊಳಚೆ ಗುಂಡಿ ಬಳಿಯಲು ಇಳಿದ ನಮ್ಮ ಓಣಿಯ ಕುಳ್ಳ ಹೆಣವಾಗಿ ಮೇಲೆ ಬಂದಿದ್ದ. ಬರುವ ಸೋಮವಾರ ನಮ್ಮಣ್ಣನ ಸರದಿ. ಅತ್ತಿಗೆ ಮೇಸ್ತ್ರಿಯ ಕಾಲು ಹಿಡಿದಳು. ನಮ್ಮ ಓಣಿಯ ಮನೆಮನೆಗೂ ಹೋಗಿ, ಯಾರೂ ಇಳಿಯಬೇಡಿ ಎಂದು ಗಂಟಲು ಹರಿದುಕೊಂಡಳು. “ನಮ್ಮ ಹೊಟ್ಟೆ ಮೇಲೆ ಹೊಡೀಬೇಡ ಕಣೇ” ಎಂದು ನಮ್ಮವರೇ ಬಾಗಿಲು ಹಾಕಿಕೊಂಡರು.

ಆ ಭಾನುವಾರ ಪಾದ್ರಿ ಹೇಳಿದ್ದು ದೇವರ ಮಾತು ಸಾರಲು ಬಂದ ಪ್ರವಾದಿಯೊಬ್ಬನ ಕಥೆ. ಊರಿಗೆ ಕೇಡು ಕಾದಿದೆ ಎಂದಿದ್ದಕ್ಕೆ ದೊಡ್ಡ ಮನುಷ್ಯರು ಅವನನ್ನು ಕೆಸರಿನ ಬಾವಿಗೆ ಇಳಿಸಿದರಂತೆ. ಕೊನೆಗೆ ಆಳೊಬ್ಬ, ಹಗ್ಗ ಕೊಯ್ಯದ ಹಾಗೆ ಕಂಕುಳಿಗೆ ಹಳೇ ಚಿಂದಿ ಇಟ್ಟುಕೋ ಎಂದು ಹೇಳಿ, ಮೇಲಕ್ಕೆ ಎಳೆದುಕೊಂಡನಂತೆ. ನಾವೆಲ್ಲ ತಲೆ ಎತ್ತಿದೆವು. ಗುಂಡಿಗೆ ಇಳಿಯುವಾಗ ನಾವು ಇಟ್ಟುಕೊಳ್ಳುವುದೂ ಅದೇ ಚಿಂದಿ. ನಮ್ಮ ಕಸುಬು ಆ ಪುಸ್ತಕದಲ್ಲಿದೆ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಮುಂದಿನ ಬೆಂಚಿನಲ್ಲಿ ಕಾರ್ಖಾನೆಯ ಧಣಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಅತ್ತಿಗೆ ನೆಟ್ಟಗೆ ಹೋಗಿ ಅವನೆದುರು ನಿಂತಳು.

“ಧಣಿ, ಗುಂಡೀಲಿ ವಿಷಗಾಳಿ ತುಂಬಿದೆ. ನಾಳೆ ಯಾರನ್ನೂ ಇಳಿಸ್ಬೇಡಿ.”

ಧಣಿ ಮೂಗಿಗೆ ಕರ್ಚೀಫು ಹಿಡಿದ. “ಯಾರ ಹೆಂಡ್ತಿನೋ ಇವಳು?”

“ತಾಯಿ, ಇದು ದೇವರ ಮನೆ,” ಎಂದ ಪಾದ್ರಿ.

“ಮತ್ತೆಲ್ಲಿ ಹೋಗಿ ಬೊಗಳ್ಲಿ ಸ್ವಾಮಿ? ಈಗ ತಾನೇ ನೀವೇ ಹೇಳಿದ್ರಲ್ಲ! ಬಾವಿಗೆ ಇಳಿಸಿದೋರು ಇಲ್ಲೇ ಕೂತಿದಾರೆ, ನೋಡ್ರಿ!”

ಬಾಗಿಲು ಕಾಯುವವನು ಬರುವ ಮೊದಲೇ ನಮ್ಮಣ್ಣ ಓಡಿಹೋಗಿ ಅವಳ ಕೆನ್ನೆಗೆ ಬಾರಿಸಿದ. “ಇವಳಿಗೆ ತಲೆ ಕೆಟ್ಟಿದೆ ಧಣಿ, ಮನಸ್ಸಿಗೆ ಹಚ್ಕೋಬೇಡಿ,” ಎಂದು ಕೈಮುಗಿದು, ಅವಳನ್ನು ದರದರ ಎಳೆದು ತಂದ. ನನಗೆ ನಾಚಿಕೆಯಾಯಿತು. ಆದರೂ ಅವಳ ಇನ್ನೊಂದು ತೋಳು ಹಿಡಿದವನು ನಾನೇ.

ಸೋಮವಾರ ಬೆಳಿಗ್ಗೆ ಅವಳು ಹಳೇ ಹೊದಿಕೆ ಹರಿದು ತಂದು, ಗುಂಡಿಯ ಬಾಯಲ್ಲಿ ಅಣ್ಣನ ಕಂಕುಳಿಗೆ ಮಡಚಿ ಇಟ್ಟಳು. “ಒತ್ತುತ್ತಾ?” ಎಂದು ಕೇಳಿದಳು.

“ಹಾಳಾದೋಳೇ, ಮುಖ ಯಾಕೆ ಹಂಗಿಟ್ಕೊಂಡಿದೀಯ? ಬರ್ತೀನಿ ಬಿಡು,” ಎಂದ ಅಣ್ಣ.

ಹಗ್ಗ ನನ್ನ ಕೈಯಲ್ಲಿತ್ತು. ಸ್ವಲ್ಪ ಹೊತ್ತು ಅಲ್ಲಾಡುತ್ತಿತ್ತು. ಆಮೇಲೆ ಅಲ್ಲಾಡಲಿಲ್ಲ. ಎಲ್ಲರೂ ಸೇರಿ ಎಳೆದೆವು. ಅಣ್ಣನ ಮುಖ ನೀಲಿಗಟ್ಟಿತ್ತು. ಕಂಕುಳಲ್ಲಿ ಒಂದು ಗೀರೂ ಇರಲಿಲ್ಲ.

ಮುಂದಿನ ಭಾನುವಾರ ಅತ್ತಿಗೆ ಬುಟ್ಟಿ ಹೊತ್ತು ಚರ್ಚಿಗೆ ಬಂದಳು. ಆ ಹಗ್ಗವನ್ನು ಕದ್ದು ತಂದು ತುಂಡುತುಂಡು ಕಡಿದಿದ್ದಳು. ಎಲ್ಲವನ್ನೂ ಧಣಿಯ ತೊಡೆಯ ಮೇಲೆ ಸುರಿದಳು.

“ಈಗ ಇಳ್ಸು ನೋಡೋಣ, ಸೂಳೇಮಗನೇ!”

ಬಾಗಿಲು ಕಾಯುವವನು ಅವಳನ್ನು ಮೆಟ್ಟಿಲಿಂದ ಕೆಳಗೆ ದಬ್ಬಿದ. ಪಾದ್ರಿ ಬಿಟ್ಟ ಸಾಲು ಹುಡುಕಿಕೊಂಡು ಓದು ಮುಂದುವರಿಸಿದ. ಹಿಂದಿನ ಗೋಡೆಯ ನಾವು ಯಾರೂ ಕದಲಲಿಲ್ಲ.

ಮರುದಿನ ಕಾರ್ಖಾನೆಗೆ ಹೊಸ ಹಗ್ಗ ಬಂತು. ಮೇಸ್ತ್ರಿ ನನ್ನನ್ನು ಕರೆದ. ಗೇಟಿನ ಹೊರಗಿನಿಂದ ಅತ್ತಿಗೆ, “ಇಳೀಬೇಡ್ವೋ, ನೀನಾದ್ರೂ ಕೇಳೋ!” ಎಂದು ಕೂಗುತ್ತಲೇ ಇದ್ದಳು.

ನಾನು ಅಂಗಿ ಬಿಚ್ಚಿ, ಎರಡು ತುಂಡು ಹರಿದು, ಕಂಕುಳಿಗೆ ಇಟ್ಟುಕೊಂಡೆ.